ನನಗೆ ‘ಶ್’ ಎನ್ನುವ ವೃತ್ತ

ನನ್ನ ಹೆಸರು ‘ಶ್ರೀ’ ಅಕ್ಷರದಿಂದ ಆರಂಭವಾಗುತ್ತದೆ. ಭಾವಚಿತ್ರ ಹಾಕದವರಿಗೆ ಮೊಬೈಲಿನಲ್ಲಿ ಒಂದು ಬಣ್ಣದ ವೃತ್ತ ಕೊಟ್ಟು, ಅದರೊಳಗೆ ಹೆಸರಿನ ಮೊದಲಕ್ಷರ ಬರೆಯುತ್ತಾರಲ್ಲ, ಅಲ್ಲಿ ನಾನು ಬಹುಕಾಲ ಬರೀ ‘ಶ’ ಆಗಿದ್ದೆ. ಶಂಕರನಿಗೂ ನನಗೂ ವ್ಯತ್ಯಾಸವಿರಲಿಲ್ಲ. ಒಂದು ದಿನ ಆ್ಯಪ್ ತನ್ನಷ್ಟಕ್ಕೆ ತಾನು ಹೊಸದಾಯಿತು. ‘ಶ’ ಹೋಗಿ ‘ಶ್’ ಬಂತು. ಅಂದಿನಿಂದ ಗೆಳೆಯರ ಚರ್ಚೆಯಲ್ಲಿ ನಾನು ಏನೇ ಬರೆದರೂ ಪಕ್ಕದಲ್ಲೊಂದು ನೀಲಿ ವೃತ್ತ ನಿಂತು ‘ಶ್!’ ಎನ್ನುತ್ತಿದೆ, ತರಗತಿಗೆ ಕಾಲಿಟ್ಟ ಮೇಷ್ಟರ ಹಾಗೆ.

ಹೀಗೇಕೆ ಎಂದು ಹುಡುಕಿಕೊಂಡು ಹೋದೆ. ಓದುವವನಿಗೆ ‘ಶ್ರೀ’ ಒಂದಕ್ಷರ. ಯಂತ್ರಕ್ಕೆ ಅದು ಶಕಾರ, ಸ್ವರ ಕಳೆಯುವ ಹಲಂತ, ರಕಾರ, ಈಕಾರದ ಚಿಹ್ನೆ ಎಂಬ ನಾಲ್ಕು ಸಂಕೇತಗಳ ಸಾಲು. ‘ಲಕ್ಷ್ಮಿ’ ನಮಗೆ ಎರಡಕ್ಷರ, ಅದಕ್ಕೆ ಏಳು. ಇಷ್ಟರಿಂದ ತಪ್ಪೇನೂ ಆಗಬೇಕಿಲ್ಲ; ಎಲ್ಲಿಂದ ಎಲ್ಲಿಯವರೆಗೆ ಒಂದಕ್ಷರ ಎಂಬ ನಿಯಮವನ್ನೂ ಹೇಳಿಕೊಟ್ಟರೆ ಸಾಕು. ಲೋಕದ ಲಿಪಿಗಳಿಗೆಲ್ಲ ಇಂಥ ಸಂಕೇತಗಳನ್ನು ಗೊತ್ತುಮಾಡುವ ಯೂನಿಕೋಡ್ ಎಂಬ ಮಾನದಂಡ 2023ರಲ್ಲಿ, ತನ್ನ 15.1ನೆಯ ಆವೃತ್ತಿಯಲ್ಲಿ, ಒತ್ತಕ್ಷರವನ್ನು ಒಡೆಯದೆ ಇಡಿಯಾಗಿ ಎಣಿಸುವ ಅಂಥದೊಂದು ನಿಯಮವನ್ನು ಸೇರಿಸಿತು. ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಲಿಪಿಗಳಿಗೆ ಅದು ಅನ್ವಯವಾಯಿತು. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಹಾಗಾಗಿ ನನ್ನ ‘ಶ್ರೀ’ ಹಲಂತದ ಬಳಿ ಒಡೆದು ‘ಶ್’ ಆಯಿತು. ಬೆನ್ನಿಗೆ ಬಿದ್ದ ತಂಗಿಯಂಥ ತೆಲುಗು ಲಿಪಿ ಒಳಗೆ, ನಾವು ಹೊರಗೆ. ಯಾರೋ ಬೇಕೆಂದೇ ಬಿಟ್ಟರೆಂದು ನಾನು ಹೇಳುವುದಿಲ್ಲ. ನಮಗೂ ಬೇಕು ಎಂದು ಕೇಳುವ ದನಿ ಅಲ್ಲಿ ಗಟ್ಟಿಯಾಗಿರಲಿಲ್ಲ ಎಂಬ ಅನುಮಾನ ಮಾತ್ರ ನನ್ನದು.

ಈ ಅನುಮಾನಕ್ಕೆ ಕಾರಣ ನಾನಿರುವ ದೇಶ. ಜರ್ಮನ್ ಭಾಷೆಯಲ್ಲಿ ‘ಎಸ್‌ಟ್ಸೆಟ್’ ಎಂಬ ಅಕ್ಷರವಿದೆ, ಎರಡು ‘ಎಸ್’ ಬೆಸೆದುಕೊಂಡಂತೆ ಕಾಣುವುದು. ಅದಕ್ಕೆ ಸಣ್ಣಕ್ಷರ ಮಾತ್ರ ಇತ್ತು, ದೊಡ್ಡಕ್ಷರ ಇರಲಿಲ್ಲ. ಹೆಸರನ್ನು ಪೂರ್ತಿ ದೊಡ್ಡಕ್ಷರದಲ್ಲಿ ಬರೆಯಬೇಕಾದಾಗ ಅದನ್ನು ಎರಡು ‘ಎಸ್’ ಆಗಿ ಬಿಡಿಸಬೇಕಿತ್ತು. ಒಂದೇ ಅಕ್ಷರದ ಪ್ರಶ್ನೆ, ಅದೂ ಯಾವ ಪದದ ಮೊದಲಿಗೂ ಬರದ ಅಕ್ಷರ. ಆದರೂ ಜನ ಬಿಡಲಿಲ್ಲ. 2008ರಲ್ಲಿ ಯೂನಿಕೋಡ್ ಅದರ ದೊಡ್ಡ ರೂಪಕ್ಕೆ ಜಾಗ ಕೊಟ್ಟಿತು, 2017ರಲ್ಲಿ ಜರ್ಮನ್ ಕಾಗುಣಿತದ ಅಧಿಕೃತ ಮಂಡಳಿ ಒಪ್ಪಿಕೊಂಡಿತು. ನನ್ನ ಸಹೋದ್ಯೋಗಿಯೊಬ್ಬನ ಮನೆತನದ ಹೆಸರಿನ ಕೊನೆಯಲ್ಲಿ ಈ ಅಕ್ಷರವಿದೆ. ಯಾವುದೋ ಅರ್ಜಿ ಅದನ್ನು ಪ್ರಶ್ನಾರ್ಥಕ ಚಿಹ್ನೆ ಮಾಡಿ ತೋರಿಸಿದ ದಿನ ಅವನು ಕೆಲಸ ಬದಿಗಿಟ್ಟು ಅರ್ಧ ಗಂಟೆ ಕೂತು ದೂರು ಬರೆದ. ನಾನಾಗಿದ್ದರೆ ಇಂಗ್ಲಿಷ್ ಅಕ್ಷರಗಳಲ್ಲಿ ಹೆಸರು ತುಂಬಿ ಮುಂದಿನ ಪುಟಕ್ಕೆ ಹೋಗಿರುತ್ತಿದ್ದೆ.

ನಾವು ಬಗ್ಗುತ್ತೇವೆ, ಅವರು ಬಗ್ಗುವುದಿಲ್ಲ. ತಂತ್ರಜ್ಞಾನ ಎಲ್ಲಿ ಪ್ರತಿರೋಧ ಕಾಣುತ್ತದೋ ಅಲ್ಲಿ ನಯವಾಗುತ್ತದೆ. ‘ಸೆಟ್ಟಿಂಗ್ಸ್’ ಎಂಬುದಕ್ಕೆ ಇಂಗ್ಲಿಷಿನಲ್ಲಿ ಎಂಟು ಅಕ್ಷರ ಸಾಕು. ಜರ್ಮನ್ನಿನ ‘ಐನ್‌ಷ್ಟೆಲುಂಗನ್’ಗೆ ಹದಿಮೂರು ಬೇಕು. ಆ ಉದ್ದ ಎಷ್ಟು ಪ್ರಸಿದ್ಧವೆಂದರೆ, ಗುಂಡಿಯೊಳಗೆ ಪದ ಹಿಡಿಯುತ್ತದೆಯೇ ಎಂದು ನೋಡಲು ವಿನ್ಯಾಸಕಾರರು ಮೊದಲು ಜರ್ಮನ್ ಪದವನ್ನೇ ಹಾಕಿ ನೋಡುತ್ತಾರೆ. ನಮ್ಮ ತೊಂದರೆ ಉದ್ದದ್ದಲ್ಲ, ಆಳದ್ದು. ಕನ್ನಡ ಕೆಳಗೆ ಬೆಳೆಯುವ ಲಿಪಿ. ‘ವೈಶಿಷ್ಟ್ಯ’ ಎಂಬ ಪದವನ್ನು ಲ್ಯಾಟಿನ್ ಅಕ್ಷರದ ಅಳತೆಗೆ ಮಾಡಿದ ಗುಂಡಿಯಲ್ಲಿ ಇಟ್ಟು ನೋಡಿ: ಟಕಾರದ ಒತ್ತು ಅರ್ಧ ಮುಳುಗುತ್ತದೆ, ಯಕಾರದ ಒತ್ತಿನ ಬಾಲ ಅಂಚಿನಲ್ಲಿ ತುಂಡಾಗುತ್ತದೆ. ಒತ್ತು ಪೂರ್ತಿ ಮರೆಯಾದರೆ ‘ಕತ್ತೆ’ ಹೋಗಿ ‘ಕತೆ’ ಆಗುತ್ತದೆ. ಸಾಲಿನ ಎತ್ತರವನ್ನು ಒಂದಿಷ್ಟು ಹೆಚ್ಚಿಸಿದರೆ ಸರಿಹೋಗುವ ಕೆಲಸ ಇದು. ಆದರೆ ಹಾಗೆ ತುಂಡಾದದ್ದನ್ನು ಕಂಡವರಾದರೂ ಎಷ್ಟು ಜನ? ನನ್ನ ಬಳಗದಲ್ಲಿ ಕನ್ನಡವನ್ನು ಎದೆ ತಟ್ಟಿ ಹೊಗಳುವವರು ಡಜನ್‌ಗಟ್ಟಲೆ ಇದ್ದಾರೆ. ಮೊಬೈಲಿನ ಭಾಷೆಯನ್ನು ಕನ್ನಡಕ್ಕೆ ಬದಲಿಸಿಕೊಂಡವರು ಇಬ್ಬರು.

ಎಲ್ಲವನ್ನೂ ಬೈಯುವುದು ನ್ಯಾಯವಲ್ಲ. ಅಳಿಸುವ ಕೀಲಿಯನ್ನು ಗಮನಿಸಿದ್ದೀರಾ? ಹಲವು ಕಡೆ ‘ಶ್ರೀ’ಯ ಮೇಲೆ ಬಾಣದ ಗುರುತು ಒತ್ತಿದರೆ ಇಡೀ ಅಕ್ಷರವನ್ನು ದಾಟುತ್ತದೆ, ಅಳಿಸುವ ಕೀಲಿ ಒತ್ತಿದರೆ ಈಕಾರ ಮಾತ್ರ ಉದುರಿ ‘ಶ್ರ’ ಉಳಿಯುತ್ತದೆ. ದೀರ್ಘ ತಪ್ಪಿದರೆ ದೀರ್ಘವನ್ನಷ್ಟೇ ತಿದ್ದಬಹುದು, ಒತ್ತನ್ನು ಮತ್ತೆ ಕಟ್ಟಬೇಕಿಲ್ಲ. ಕಾಗುಣಿತ ಕಲಿತ ಬೆರಳು ಬಯಸುವುದೂ ಇದನ್ನೇ. ನನ್ನನ್ನು ‘ಶ್’ ಮಾಡಿದ ಆ ನಾಲ್ಕು ತುಂಡುಗಳೇ ಇಲ್ಲಿ ಉಪಕಾರಕ್ಕೆ ಬಂದಿವೆ. ಇದನ್ನು ಯೋಚಿಸಿ ಮಾಡಿದವರು ಯಾರೋ ಅವರಿಗೆ ನಮಸ್ಕಾರ. ಹಾಗೆಯೇ ಇಂಗ್ಲಿಷ್ ಕೀಲಿಮಣೆಯ ಮೇಲೆಯೇ ಕನ್ನಡದ ಧ್ವನಿಗಳನ್ನು ಹೊಂದಿಸಿ ಕೂರಿಸಿದ ಕೆ.ಪಿ. ರಾವ್ ಅವರಿಗೂ. ಅವರ ವಿನ್ಯಾಸದಲ್ಲಿ ಬೆರಳು ಓಡುವ ರೀತಿ ನೋಡಿದರೆ, ಮಾಡಿದವರು ಕನ್ನಡದಲ್ಲೇ ಯೋಚಿಸಿದ್ದಾರೆ ಎಂದು ತಿಳಿಯುತ್ತದೆ.

ಇಂಥ ಸಾಧನವಿದ್ದೂ ನಾವು ಚರ್ಚೆಗೆ ಕೂತಾಗ ಇಂಗ್ಲಿಷ್ ಅಕ್ಷರಗಳಲ್ಲೇ ಕನ್ನಡ ಬರೆಯುತ್ತೇವೆ. ಬಲ, ಬಾಲ, ಬಳ, ಬಾಳ ನಾಲ್ಕೂ ಅಲ್ಲಿ ಒಂದೇ. ಹಾಗೆ ಬರೆದ ಎರಡು ಸಾಲನ್ನು ಊಹಿಸಿಕೊಂಡು ಓದಬಹುದು, ಎರಡು ಪ್ಯಾರಾ ಓದುವುದು ಶಿಕ್ಷೆ. ಆದ್ದರಿಂದ ಯಾರೂ ಎರಡು ಪ್ಯಾರಾ ಬರೆಯುವುದಿಲ್ಲ. ವಾದ ಒಂದು ಸಾಲಿಗೆ ಇಳಿಯುತ್ತದೆ, ಒಂದು ಸಾಲಿನಲ್ಲಿ ಹೇಳಲು ಸುಲಭವಾದದ್ದು ಬೈಗುಳ. ನಮ್ಮ ಜಾಲತಾಣದ ಜಗಳಗಳಿಗೆಲ್ಲ ಸಂಸ್ಕಾರದ ಕೊರತೆಯೇ ಕಾರಣ ಎನ್ನುವವರನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಅರ್ಧ ತಪ್ಪು ಕೀಲಿಮಣೆಯ ಸೋಮಾರಿತನದ್ದು.

ಉಳಿದರ್ಧ ಸರ್ವನಾಮದ್ದು. ಜರ್ಮನ್ನರಿಗೂ ನಮ್ಮ ಹಾಗೆ ‘ನೀನು’ ಬೇರೆ, ‘ನೀವು’ ಬೇರೆ. ಆದರೆ ಅಂತರ್ಜಾಲದ ಮಾತಿನಲ್ಲಿ ಅವರು ಗುರುತಿಲ್ಲದವರನ್ನೂ ‘ನೀನು’ ಎನ್ನುತ್ತಾರೆ, ಯಾರೂ ಮುನಿಯುವುದಿಲ್ಲ. ಅಲ್ಲಿ ಜಗಳ ಬಿಸಿಯಾದರೆ ಒಬ್ಬ ಇದ್ದಕ್ಕಿದ್ದಂತೆ ‘ನೀವು’ ಎಂದು ದೂರ ಸರಿದು ನಿಂತದ್ದನ್ನು ಕಂಡಿದ್ದೇನೆ. ನಮ್ಮಲ್ಲಿ ತದ್ವಿರುದ್ಧ: ‘ನೀವು’ ಎಂದು ಆರಂಭವಾದ ಮಾತು ‘ನೀನು’ವಿಗೆ ಇಳಿದರೆ ತೋಳೇರಿಸಿದಂತೆ. ಇಷ್ಟು ಸೂಕ್ಷ್ಮವಾದ ಭಾಷೆಗೆ ಆ್ಯಪ್‌ಗಳು ಏನು ಬಡಿಸುತ್ತವೆ? ‘ನಿಮ್ಮ ಗುಪ್ತಪದ ತಪ್ಪಾಗಿದೆ, ಮತ್ತೆ ಪ್ರಯತ್ನಿಸು.’ ಮೊದಲರ್ಧದಲ್ಲಿ ಅತಿಥಿ, ಎರಡನೆಯರ್ಧದಲ್ಲಿ ಮನೆಯ ಹುಡುಗ. ಎರಡು ತುಂಡುಗಳನ್ನು ಇಬ್ಬರು ಅನುವಾದಿಸಿರಬೇಕು, ಒಬ್ಬರದನ್ನು ಇನ್ನೊಬ್ಬರು ಓದಿರಲಿಕ್ಕಿಲ್ಲ.

ಸಹೋದ್ಯೋಗಿಗೆ ನನ್ನ ವೃತ್ತವನ್ನು ತೋರಿಸಿ, ಅದರ ಅರ್ಥವನ್ನೂ ಹೇಳಿದೆ. ಅವನು ನಕ್ಕ. ಆಮೇಲೆ, ‘ದೂರು ಬರೆದೆಯಾ?’ ಎಂದ. ಬರೆದಿರಲಿಲ್ಲ. ಎರಡು ವರ್ಷವಾಗಿತ್ತು. ಆ ಸಂಜೆ ಮೊಬೈಲಿನ ಭಾಷೆಯನ್ನು ಕನ್ನಡಕ್ಕೆ ಬದಲಿಸಿ, ಆ್ಯಪ್‌ನ ಮೂಲೆಯಲ್ಲಿದ್ದ ದೂರಿನ ಪುಟ ಹುಡುಕಿ, ‘ಶ್ರೀ’ ಒಂದಕ್ಷರ ಎಂಬುದನ್ನು ನಾಲ್ಕು ಪ್ಯಾರಾಗಳಲ್ಲಿ ವಿವರಿಸಿದೆ. ಕೊನೆಯಲ್ಲಿ ಕಳುಹಿಸುವ ಗುಂಡಿಯಿತ್ತು. ಅದರ ಮೇಲೆ ‘ಸಲ್ಲಿಸು’ ಎಂದಿತ್ತು, ಲಕಾರದ ಒತ್ತು ಮುಕ್ಕಾಲು ಮುಳುಗಿತ್ತು. ಐದನೆಯ ಪ್ಯಾರಾ ಸೇರಿಸಿ ಒತ್ತಿದೆ.