ಆಸೆ ಬಂದ ಕ್ಷಣವೇ ಪಾಪಾನಾ?

"ಕಾಮದ ಯೋಚನೆ ಮನಸ್ಸಿಗೆ ಬಂದ್ರೆ ಸಾಕು, ಕ್ರೈಸ್ತನೊಬ್ಬ ಪಾಪ ಮಾಡಿದ ಹಾಗೇನೇ" ಅಂತ ನಾನು ಓದಿದ ಒಂದು ಲೇಖನದಲ್ಲಿ ಅದರ ಲೇಖಕರು ಬರೆದಿದ್ದಾರೆ, ಈ ಮಾತನ್ನ ನಾನು ಒಪ್ಪಲ್ಲ. ಬೈಬಲ್ಲಿನ ಮತ್ತಾಯನ ಸುವಾರ್ತೆ 5:28ರಲ್ಲಿ ಯೇಸು ಬೈದಿರೋದು ಮೋಹಿಸ್ಬೇಕು ಅಂತಾನೇ ನೋಡ್ತಾ ಕೂರೋನನ್ನ, ಯಾರೋ ಸುಮ್ನೆ ಕಣ್ಣಿಗೆ ಬಿದ್ದು ಮನಸ್ಸು ಒಂದ್ಸಲ ಅಲುಗಾಡಿದವನನ್ನಲ್ಲ. ಬೈಬಲ್ಲಿನದೇ ಯಾಕೋಬನ ಪತ್ರಿಕೆ 1:15 ನೋಡಿ, ಆಸೆ ಬಸುರಾಗಿ ಆಮೇಲೆ ಪಾಪವನ್ನ ಹೆರುತ್ತೆ ಅಂತಿದೆ, ಅಂದ್ರೆ ಎರಡೂ ಒಂದೇ ಅಲ್ಲ, ನಡುವೆ ನಾವು ಹೂಂ ಅನ್ನೋದಕ್ಕೋ ಬೇಡ ಅನ್ನೋದಕ್ಕೋ ಜಾಗ ಇದ್ದೇ ಇದೆ.

ಕ್ರೈಸ್ತ ಪಂಗಡಗಳಲ್ಲೇ ಇದಕ್ಕೆ ಒಮ್ಮತ ಇಲ್ಲ. ಮಾರ್ಟಿನ್ ಲೂಥರ್ ಹಾದಿಯ ಪ್ರೊಟೆಸ್ಟೆಂಟರಾದ ಲೂಥರನ್ನರು ತಮ್ಮ ನಂಬಿಕೆಯನ್ನ ಬರೆದಿಟ್ಟ 1530ರ ಆಗ್ಸ್‌ಬರ್ಗ್ ಅರಿಕೆ, ಹುಟ್ಟಿನಿಂದ ಬರೋ ಕೆಟ್ಟ ಒಲವನ್ನೇ ನಿಜವಾದ ಪಾಪ ಅನ್ನುತ್ತೆ, ಕ್ಯಾಥೊಲಿಕ್ ಬಿಷಪ್ಪರು ಸೇರಿದ ಟ್ರೆಂಟ್ ಮಹಾಸಭೆ 1546ರಲ್ಲಿ, ದೀಕ್ಷಾಸ್ನಾನ (ಬ್ಯಾಪ್ಟಿಸಮ್) ಆದವರಲ್ಲಿ ಉಳಿಯೋ ಒಲವು ಪಾಪದ ಕಡೆ ಎಳೆಯುತ್ತೆ, ಆದ್ರೆ ಅದೇ ಪಾಪ ಅಲ್ಲ ಅಂತು. ಇಷ್ಟು ದೊಡ್ಡ ಜಗಳ ಲೇಖನದಲ್ಲಿ ಕಾಣೋದೇ ಇಲ್ಲ.

ಇದರ ಪೆಟ್ಟು ಬೀಳೋದು ಹರೆಯದ ಮಕ್ಕಳಿಗೆ. ಬರೀ ಒಂದು ಯೋಚನೆ ಬಂತು ಅಂತ ಚರ್ಚಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚೋ ಪ್ರಭುಭೋಜನಕ್ಕೆ ಎದ್ದು ಹೋಗದೆ ಹಿಂದಿನ ಬೆಂಚಲ್ಲಿ ತಲೆ ತಗ್ಗಿಸಿ ಕೂತ ಹುಡುಗನನ್ನ ನಾನೇ ನೋಡಿದೀನಿ, ಹೊಟ್ಟೆ ಉರಿಯುತ್ತೆ.

ಹಾಗಂತ ಕಾಮ ಪಾಪವೇ ಅಲ್ಲ ಅನ್ನೋ ವಾದಾನೂ ನಂದಲ್ಲ. ಎದುರಿಗಿರೋ ಹೆಣ್ಣನ್ನ ಬರೀ ಮೈ ಅಂತ ಎಣಿಸಿ ಮನಸ್ಸಲ್ಲೇ ಬಳಸ್ಕೊಳ್ಳೋದು ಅವಳಿಗೆ ಮಾಡೋ ಅನ್ಯಾಯ. ಅದಕ್ಕೇ ಮುಂದಿನ ವಚನದಲ್ಲೇ ಯೇಸು ಕಣ್ಣು ಕಿತ್ತು ಬಿಸಾಡು ಅಂದಿದ್ದು ನೋಡೋನಿಗೆ, ಅವಳ ಬಟ್ಟೆ ಬಗ್ಗೆ ಅಲ್ಲಿ ಒಂದಕ್ಷರಾನೂ ಇಲ್ಲ.