ಗಿರಣಿಯ ಗುರುತು ಗಿರಣಿಯವರ ಕೈಯಲ್ಲೇ ಇರಲಿ

ನಾನಿರುವ ಜರ್ಮನಿಯ ಮ್ಯೂನಿಕ್‌ನಲ್ಲಿ ಭಾನುವಾರ ಅಂಗಡಿ ತೆರೆಯುವಂತಿಲ್ಲ. ಬೇಕರಿ, ರೈಲು ನಿಲ್ದಾಣದ ಅಂಗಡಿ, ಹೀಗೆ ಕೆಲವಕ್ಕೆ ಮಾತ್ರ ವಿನಾಯಿತಿ. ಹಬ್ಬದ ರಜೆಗಳೂ ರಾಜ್ಯಕ್ಕೊಂದು ಥರ. ಆಗಸ್ಟ್ 15ಕ್ಕೆ ಇಲ್ಲಿ ಮೇರಿ ಮಾತೆಯ ಹಬ್ಬ, ಅಂಗಡಿಗಳು ಬಂದ್. ಬರ್ಲಿನ್‌ನಲ್ಲಿ ಅವತ್ತು ರಜೆಯಿಲ್ಲ. ಹಾಗಾಗಿ ಮನೆಯಿಂದ ಹೊರಡುವ ಮುಂಚೆ ಜನ ಗೂಗಲ್ ಮ್ಯಾಪ್ ನೋಡುತ್ತಾರೆ. ನಮ್ಮ ಬೀದಿಯ ಸೈಕಲ್ ರಿಪೇರಿಯವರು ಊರಿಗೆ ಹೋಗುವಾಗ ಬಾಗಿಲಿಗೆ ಚೀಟಿ ಅಂಟಿಸುತ್ತಾರೆ. ಅದೇ ತಾರೀಖನ್ನು ಮ್ಯಾಪ್‌ನಲ್ಲೂ ಹಾಕುತ್ತಾರೆ.

ನಮ್ಮ ಹಾವೇರಿ ಕಡೆ ಎಷ್ಟೋ ಹಿಟ್ಟಿನ ಗಿರಣಿಗಳು ಅಮಾವಾಸ್ಯೆಗೆ ಬಂದ್. ಹಳಬರಿಗೆ ಅದನ್ನು ಯಾರೂ ಹೇಳಬೇಕಿಲ್ಲ. ಆದರೆ ವರ್ಗವಾಗಿ ಬಂದ ಬ್ಯಾಂಕಿನವರು, ಹೊಸ ಮೇಷ್ಟ್ರು ಡಬ್ಬಿ ಹಿಡಿದು ಬಂದು ವಾಪಸ್ ಹೋಗುತ್ತಾರೆ. ಮ್ಯಾಪ್ ನೋಡಿದರೆ ‘ತೆರೆದಿದೆ’ ಅಂತ ಇರುತ್ತದೆ. ಅದನ್ನು ಹಾಕಿದ್ದು ಯಾರೋ ದಾರಿಹೋಕರು. ಮ್ಯಾಪ್‌ಗೆ ಅಂಗಡಿಯನ್ನು ಯಾರು ಬೇಕಾದರೂ ಸೇರಿಸಬಹುದು, ವೇಳೆ ಬದಲಿಸಿ ಅಂತ ಸೂಚಿಸಲೂಬಹುದು. ಮಾಲೀಕರು ‘ಇದು ನಮ್ಮದು’ ಎಂದು ನೋಂದಾಯಿಸಿಕೊಂಡರೆ ಅಮಾವಾಸ್ಯೆಯಂಥ ದಿನಗಳನ್ನು ವಿಶೇಷ ವೇಳೆ ಅಂತ ಮೊದಲೇ ತುಂಬಿಸಿಡಬಹುದು.

ಈ ನೋಂದಣಿಗೆ ಗೂಗಲ್ ಒಂದು ರೂಪಾಯಿಯನ್ನೂ ಕೇಳುವುದಿಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ‘ನಿಮ್ಮ ಅಂಗಡಿ ಮೇಲೆ ಬರೋ ಹಾಗೆ ಮಾಡ್ತೀವಿ’ ಎಂದು ದುಡ್ಡು ವಸೂಲಿ ಮಾಡುವವರು ಜಾಸ್ತಿಯಾಗಿದ್ದಾರೆ. ದುಡ್ಡು ಕೊಟ್ಟು ಮೇಲಿನ ಜಾಗ ಕೊಳ್ಳಲು ಬರುವುದಿಲ್ಲ, ಜಾಹೀರಾತಿನ ಮಾತು ಬೇರೆ. ಗಿರಾಕಿ ಹುಡುಕಿದ್ದಕ್ಕೆ ಅಂಗಡಿ ಎಷ್ಟು ಹೊಂದುತ್ತದೆ, ಎಷ್ಟು ದೂರದಲ್ಲಿದೆ, ಎಷ್ಟು ಹೆಸರು ಮಾಡಿದೆ, ಗೂಗಲ್ ನೋಡುವುದು ಇವನ್ನೇ. ಏಜೆಂಟ್ ತನ್ನ ಜಿಮೇಲ್‌ನಿಂದ ನೋಂದಾಯಿಸಿದರಂತೂ ಅಂಗಡಿಯ ಕೀಲಿಕೈ ಅವನ ಜೇಬಿನಲ್ಲಿದ್ದ ಹಾಗೆ. ಹಾಗಾಗಿದ್ದರೆ ಮಾಲೀಕತ್ವ ಕೇಳಿ ಅರ್ಜಿ ಹಾಕಬಹುದು, ಉತ್ತರಿಸಲು ಆ ಕಡೆಯವರಿಗೆ 3 ದಿನ ಇರುತ್ತದೆ.

ಹೆಸರಿನ ವಿಷಯವೂ ಹಾಗೆಯೇ. ಬೋರ್ಡ್ ಮೇಲಿರುವುದನ್ನಷ್ಟೇ ಬರೆಯಿರಿ. ‘ಹಾವೇರಿಯ ಬೆಸ್ಟ್ ಹಿಟ್ಟಿನ ಗಿರಣಿ’ ಎಂದು ಬಾಲ ಸೇರಿಸುವುದು ನಿಯಮಕ್ಕೆ ವಿರುದ್ಧ. ಏನು ವ್ಯಾಪಾರ ಅನ್ನುವುದಕ್ಕೆ ವರ್ಗ ಎಂಬ ಬೇರೆ ಜಾಗವೇ ಇದೆ. ಅಲ್ಲಿ ಕಿರಾಣಿ ಅಂತ ಹಾಕಿಬಿಟ್ಟರೆ ಗಿರಣಿ ಹುಡುಕುವವರ ಕಣ್ಣಿಗೆ ಬೀಳುವುದು ಕಷ್ಟ.

ಎಲ್ಲದರಲ್ಲೂ ಜರ್ಮನಿಯೇ ಮೇಲು ಅಂತ ನಾನು ಹೇಳುವುದಿಲ್ಲ. ಇಲ್ಲಿನ ಎಷ್ಟೋ ಸಣ್ಣ ಅಂಗಡಿಯವರು ಫೋನೇ ಎತ್ತುವುದಿಲ್ಲ. ನಮ್ಮವರು ಹಿಟ್ಟು ಕೈಯಲ್ಲಿದ್ದರೂ ಫೋನ್ ಎತ್ತಿ ‘ಬರ್ರೀ, ಹನುಮಪ್ಪನ ಗುಡಿ ಹಿಂದ ಐತಿ’ ಅನ್ನುತ್ತಾರೆ. ಆ ಮಾತಿಗೆ ನಾನು ತುಂಬಾ ಬೆಲೆ ಕೊಡುತ್ತೇನೆ. ಇಲ್ಲಿ ಬೀದಿ ಹೆಸರು, ಮನೆ ನಂಬರ್ ಇದ್ದರೆ ಬಾಗಿಲಿಗೇ ಹೋಗಿ ನಿಲ್ಲಬಹುದು. ನಮ್ಮ ಊರುಗಳಲ್ಲಿ ಡೋರ್ ನಂಬರ್ ನಂಬಿ ಹೋದರೆ ಸುಮ್ನೆ ಸುತ್ತಬೇಕು. ಅದಕ್ಕೇ ಗುಡಿಯ ಹೆಸರನ್ನು ವಿಳಾಸದಲ್ಲೇ ಸೇರಿಸಿ. ಮ್ಯಾಪ್‌ನ ಕೆಂಪು ಗುರುತನ್ನು ಬೆರಳಿನಿಂದ ಎಳೆದು ಸರಿಯಾಗಿ ಗಿರಣಿಯ ಬಾಗಿಲ ಮೇಲೆ ಇಡಿ. ವಾಟ್ಸಾಪ್ ಇರುವ ನಂಬರನ್ನೇ ಕೊಡಿ. ಮಗನೋ ಮಗಳೋ ಮಾಡಿಕೊಟ್ಟರೂ ಜಿಮೇಲ್ ಖಾತೆ ಮಾತ್ರ ಅಪ್ಪನ ಹೆಸರಲ್ಲಿ, ಅಪ್ಪನ ಫೋನಿನಲ್ಲೇ ಇರಲಿ. ನಾಳೆ ಅವರು ಬೆಂಗಳೂರಿಗೆ ಹೊರಟ ಮೇಲೂ ಅಮಾವಾಸ್ಯೆ ಬರುತ್ತದೆ, ಅಲ್ವಾ?