ಹಿಮ್ಮಡಿ ಪರೀಕ್ಷೆಯಲ್ಲಿ ಪಾಸಾದ ಅಂಗಳ

ಈಚೆಗೆ ಬಿದ್ದ ಒಂದು ಮಳೆಗೆ ನಮ್ಮ ಅಂಗಳದ ನೀರು ಗೇಟಿನತ್ತ ಹರಿಯುವುದನ್ನು ಬಿಟ್ಟು ಹೊಸ್ತಿಲಿನತ್ತ ಹರಿದು ಬಂದು, ಬಾಗಿಲಲ್ಲಿ ಬಿಟ್ಟಿದ್ದ ಚಪ್ಪಲಿಗಳನ್ನು ತೇಲಿಸಿಕೊಂಡು ನಿಂತಿತು. ಹಾಳುಬಿದ್ದ ಅಂಗಳದಲ್ಲಿ ಹೀಗಾಗಿದ್ದರೆ ಸುಮ್ಮನಿರುತ್ತಿದ್ದೆ. ಕುಸಿದ ಕಾಂಕ್ರೀಟು ದುರಸ್ತಿಯಾದ ಅಂಗಳದಲ್ಲಿ, ದುರಸ್ತಿಯ ಹಣ ಎಣಿಸಿಕೊಟ್ಟ ಕೈಯ ಬೆವರು ಆರುವ ಮೊದಲೇ ಹೀಗಾದದ್ದು ನನ್ನ ಸಿಟ್ಟಿಗೆ ಕಾರಣ.

ದಾವಣಗೆರೆಯ ಹೊಸ ಬಡಾವಣೆಗಳಲ್ಲಿ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಭದ್ರಾ ನಾಲೆಯ ನೀರು ಕುಡಿದು ಭತ್ತ ಬೆಳೆಯುತ್ತಿದ್ದ ಕಪ್ಪುಮಣ್ಣಿನ ಎರೆಹೊಲ ಈಗ ಸೈಟಾಗಿದೆ; ಆ ಸುದ್ದಿ ಹೊಲಕ್ಕೆ ಮಾತ್ರ ಇನ್ನೂ ತಲುಪಿಲ್ಲ. ಮಳೆ ಬಿದ್ದರೆ ಅದು ಹಿಂದಿನಂತೆಯೇ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಡುತ್ತದೆ, ಮೇಲೆ ಕೂತಿರುವ ಕಾಂಕ್ರೀಟಿನ ಅಭಿಪ್ರಾಯವನ್ನು ಕೇಳುವುದಿಲ್ಲ. ನಮ್ಮ ಅಂಗಳದಲ್ಲಿ ಇನ್ನೊಂದು ವಿಶೇಷವಿದೆ. ಮನೆ ಕಟ್ಟಿಸಿದ ಹಿಂದಿನ ಮಾಲೀಕರು ಪಾಯದ ಪಕ್ಕದ ಗುಂಡಿಯನ್ನೂ ಸಂಪಿನ ಸುತ್ತಲ ಗುಂಡಿಯನ್ನೂ, ತೋಡಿ ತೆಗೆದ ಅದೇ ಎರೆಮಣ್ಣಿನಿಂದ, ಮಣ್ಣು ಬಡಿದು ಗಟ್ಟಿ ಮಾಡುವ ದಿಮ್ಮಸಿನ ಒಂದೇಟೂ ಹಾಕಿಸದೆ ಮುಚ್ಚಿಸಿ ಮೇಲೆ ಕಾಂಕ್ರೀಟು ಸುರಿಸಿದ್ದರು. ಸಡಿಲ ಮಣ್ಣು ತನ್ನ ಪಾಡಿಗೆ ತಾನು ಕೂತಿತು. ಸಾಲದ್ದಕ್ಕೆ ತಾರಸಿಯ ಮಳೆನೀರಿನ ಪೈಪು ನೇರವಾಗಿ ಅದೇ ಮೂಲೆಗೆ ಬೀಳುತ್ತಿತ್ತು. ಆ ನೀರು ಗೋಡೆಗೂ ಕಾಂಕ್ರೀಟಿಗೂ ನಡುವಿನ ಸಂದಿಯಲ್ಲಿ ಇಳಿದು, ಉಳಿದ ಮಣ್ಣನ್ನೂ ಕರಗಿಸಿಕೊಂಡು ಹೋಯಿತು. ಕೆಳಗೆ ಪೊಳ್ಳಾದ ಮೇಲೆ ಕಾಂಕ್ರೀಟು ತಾನೇ ಎಷ್ಟು ದಿನ ಮುಖ ಎತ್ತಿಕೊಂಡು ನಿಂತೀತು?

ಇಷ್ಟನ್ನೂ ನಾನು ನಮ್ಮ ಗಾರೆ ಮೇಸ್ತ್ರಿಗೆ ವಿವರಿಸಿದಾಗ ಅವರು ಅತ್ಯಂತ ಗೌರವದಿಂದ ಕೇಳಿಸಿಕೊಂಡು, ಸಿಮೆಂಟು ಕಲಸಲು ಹೇಳಿದರು.

ಮೇಸ್ತ್ರಿಗೆ ಒಂದು ಅಭ್ಯಾಸವಿದೆ. ಕುಸಿದ ಜಾಗದ ಮೇಲೆ ಸಿಮೆಂಟಿನ ಒಂದು ಕೋಟು ಎಳೆದು, ಕರಣೆಯಿಂದ ಕನ್ನಡಿಯ ನುಣುಪು ಕೊಟ್ಟು, ಮರುದಿನ ಬೆಳಿಗ್ಗೆ ಹಣಕ್ಕೆಂದು ಬಂದಾಗ ಅವರು ಅಂಗಳದ ನಡುವೆ ನಿಲ್ಲುತ್ತಾರೆ. ಪಂಚೆಯನ್ನು ತುಸು ಎತ್ತಿ ಕಟ್ಟುತ್ತಾರೆ. ಆಮೇಲೆ ಬಲಗಾಲಿನ ಹಿಮ್ಮಡಿಯಿಂದ ನೆಲವನ್ನು ಧಡ್ ಧಡ್ ಎಂದು ಗುದ್ದಿ, "ಏನಾಗಲ್ಲ ಬಿಡ್ರಿ ಸರ, ಮೊಮ್ಮಕ್ಕಳ ಕಾಲಕ್ಕೂ ಅಲ್ಲಾಡಂಗಿಲ್ಲ" ಎನ್ನುತ್ತಾರೆ. ಸಂತೆಯಲ್ಲಿ ತೆಂಗಿನಕಾಯಿ ಬಡಿದು ನೋಡುವವರು ಕಡೇಪಕ್ಷ ಅದರ ಸದ್ದಿಗೆ ಕಿವಿ ಕೊಡುತ್ತಾರೆ. ನಮ್ಮ ಮೇಸ್ತ್ರಿ ಗುದ್ದುವಾಗ ಕೆಳಗಿನಿಂದ ಖಾಲಿ ಡ್ರಮ್ಮಿನ ಸದ್ದು ಬರುತ್ತಿರುತ್ತದೆ, ಅವರ ದೃಷ್ಟಿ ನನ್ನ ಜೇಬಿನ ಮೇಲಿರುತ್ತದೆ. ಸಂಪಿನ ಮುಚ್ಚಳವನ್ನಾಗಲಿ ಮೆಟ್ಟಿಲನ್ನಾಗಲಿ ಅವರು ಹಾಗೆ ಬಿಡುವವರಲ್ಲ, ಎಲ್ಲಕ್ಕೂ ಆ ಹಿಮ್ಮಡಿಯ ಮುದ್ರೆ ಬೀಳಲೇಬೇಕು. ಒಮ್ಮೆ ನಮ್ಮ ಬೀಗರು ಮನೆಗೆ ಬಂದಿದ್ದಾಗ ಅವರೆದುರಿಗೂ ಗುದ್ದಿ ತೋರಿಸಿದರು. ಬೀಗರು ಬಹಳ ಮೆಚ್ಚಿ, ತಾವೂ ಒಮ್ಮೆ ಗುದ್ದಿದರು. ನನ್ನ ಹೆಂಡತಿ ಅಡುಗೆಮನೆಯ ಕಿಟಕಿಯಿಂದ, "ಇನ್ನೂ ಯಾರಾದರೂ ಗುದ್ದುವವರಿದ್ದರೆ ಈಗಲೇ ಗುದ್ದಲಿ, ಆಮೇಲೆ ಸಿಗಲಿಕ್ಕಿಲ್ಲ" ಎಂದಳು.

ಆಕೆಯ ಮಾತಿನಲ್ಲಿ ಲೆಕ್ಕವಿತ್ತು. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲ, 4 ಅಂಗುಲ ದಪ್ಪದ ಕಾಂಕ್ರೀಟಿನ ಹಾಸು ಸುಮಾರು ಎರಡೂಕಾಲು ಟನ್ ತೂಗುತ್ತದೆ. ಅದರ ಮೇಲೆ ಎಳೆಯುವ ಪ್ರತಿ ಒಂದು ಅಂಗುಲದ ಕೋಟು ಅರ್ಧ ಟನ್ನಿನ ಆಸುಪಾಸು. ಅಂದರೆ ಭಾರ ತಾಳಲಾರದೆ ಕುಸಿದದ್ದಕ್ಕೆ ಇನ್ನಷ್ಟು ಭಾರ ಹೇರುವುದನ್ನೇ ನಾವು ದುರಸ್ತಿ ಎಂದು ಕರೆಯುತ್ತಿದ್ದೇವೆ. ಹಳೆಯ ಮೈಯನ್ನು ಕೆತ್ತಿ ಒರಟು ಮಾಡದೆ, ತೊಳೆದು ಒದ್ದೆ ಮಾಡದೆ ಬಳಿದ ತೆಳುಕೋಟು ಅಂಚಿನಲ್ಲಿ ಪದರಪದರವಾಗಿ ಏಳುವುದು ಬೇರೆ. ಕೋಟಿನ ಮೇಲೆ ಕೋಟು ಬಿದ್ದು ಗೇಟಿನ ಬಳಿ ನೆಲ ಎಷ್ಟು ಏರಿತೆಂದರೆ ಗೇಟು ತೆರೆಯದಾಯಿತು. ವೆಲ್ಡಿಂಗಿನವನನ್ನು ಕರೆಸಿ ಅದರ ಕಾಲು ಕತ್ತರಿಸಬೇಕಾಯಿತು. ಈಗ ಬೀದಿಯ ನಾಯಿ ಆ ಸಂದಿಯಿಂದ ಸಲೀಸಾಗಿ ನುಸುಳಿ ಬಂದು ಹಸಿ ಸಿಮೆಂಟಿನ ಮೇಲೆ ತನ್ನ ಹೆಜ್ಜೆಗಳನ್ನೂ ಮೂಡಿಸಿ ಹೋಗುತ್ತದೆ.

ಕೆಳಗಿನ ಮಣ್ಣು ತೆಗೆಸೋಣ ಎಂದು ನಾನು ಪಟ್ಟು ಹಿಡಿದಾಗ ಮೇಸ್ತ್ರಿ ಚಿತ್ರದುರ್ಗದ ಕೋಟೆಯನ್ನು ಎಳೆತಂದರು. "ಸಿಮೆಂಟೇ ಇಲ್ದಂಗ ಕಟ್ಟ್ಯಾರ, ಎಲ್ಲ್ಯಾರ ಕುಸದೈತೇನ್ರಿ?" ಕೋಟೆ ನಿಂತಿರುವುದು ಬಂಡೆಯ ಮೇಲೆ, ನಾನು ನಿಂತಿರುವುದು ಎರೆಯ ಮೇಲೆ ಎಂದು ಹೇಳಿದೆ. ಅದೆಲ್ಲ ಮನಸ್ಸಿನಲ್ಲಿರುತ್ತದೆ ಎಂಬರ್ಥದಲ್ಲಿ ಅವರು ನಕ್ಕರು.

ದುರ್ಗದ ಸೀಮೆಯ ನಮ್ಮ ಹಳ್ಳಿಮನೆಯ ಅಂಗಳಕ್ಕೆ ಕಲ್ಲುಚಪ್ಪಡಿ ಹಾಸಿತ್ತು. ಯಾವುದಾದರೂ ಚಪ್ಪಡಿ ತಗ್ಗಾದರೆ ಅಪ್ಪ ಹಾರೆ ತೂರಿಸಿ ಅದನ್ನು ಮೀಟಿ ನಿಲ್ಲಿಸುತ್ತಿದ್ದರು, ನಾನು ಬುಟ್ಟಿಯಲ್ಲಿ ಮರಳು ತಂದು ಸುರಿಯುತ್ತಿದ್ದೆ, ಕಲ್ಲು ಮತ್ತೆ ಮಲಗುತ್ತಿತ್ತು. ಶಾಶ್ವತವಾಗಿ ಕೂತಿತೆಂದು ಯಾರೂ ಘೋಷಿಸುತ್ತಿರಲಿಲ್ಲ; ಇನ್ನೊಂದು ವರ್ಷ ಇನ್ನೊಂದು ಕಲ್ಲಿನ ಸರದಿ. ಆ ಕೆಲಸದ ನಡುವೆ ಅಪ್ಪ ನನ್ನೊಡನೆ ಆಡುತ್ತಿದ್ದಷ್ಟು ಮಾತನ್ನು ಬೇರೆಲ್ಲೂ ಆಡಿದ್ದು ನೆನಪಿಲ್ಲ. ಅಂಗಳವನ್ನೆಲ್ಲ ಒಂದೇ ಕಾಂಕ್ರೀಟಿನ ಹಾಳೆ ಮಾಡಿಕೊಂಡ ನಮಗೆ ಹಾರೆ ತೂರಿಸಲು ಸಂದಿಯೇ ಉಳಿದಿಲ್ಲ.

ಅಪ್ಪ ಮಾಡುತ್ತಿದ್ದುದನ್ನೇ ಈಗ ಯಂತ್ರಗಳು ಮಾಡುತ್ತವೆ. ಕುಸಿದ ಕಾಂಕ್ರೀಟಿನ ಹಾಸಿನಲ್ಲಿ ತೂತು ಕೊರೆದು, ಸಿಮೆಂಟು ಬೆರೆಸಿದ ಕೆಸರನ್ನೋ, ನಿಮಿಷಗಳಲ್ಲಿ ಉಬ್ಬಿ ಗಟ್ಟಿಯಾಗುವ ಪಾಲಿಯುರೆಥೇನ್ ನೊರೆಯನ್ನೋ ಒತ್ತಡದಿಂದ ತುಂಬಿ ಹಾಸನ್ನು ಮೇಲಕ್ಕೆತ್ತುತ್ತಾರೆ. ನೊರೆ ಹಗುರವಾದ್ದರಿಂದ ಮಣ್ಣಿಗೆ ಹೊಸ ಹೊರೆಯೂ ಇಲ್ಲ. ಆದರೆ ತಾರಸಿಯ ಪೈಪು ಅದೇ ಮೂಲೆಗೆ ಸುರಿಯುತ್ತಿದ್ದರೆ ನೊರೆಯ ಪಕ್ಕದ ಮಣ್ಣೂ ಒಂದು ದಿನ ಕರಗುತ್ತದೆ. ಮಣ್ಣನ್ನೂ ನೀರನ್ನೂ ಸರಿಪಡಿಸದೆ ಮಾಡಿದ ದುರಸ್ತಿ ಎಷ್ಟು ದುಬಾರಿಯದಾದರೂ ಕೋಟಿನ ಅಣ್ಣನೇ ಸರಿ.

ಕೊನೆಗೆ, ಪ್ರತ್ಯೇಕ ಕೂಲಿ ಕೊಡುವುದಾಗಿ ಹೇಳಿದ ಮೇಲೆ, ಆ ಮೂಲೆಯನ್ನು ಒಡೆಸಿದ್ದಾಯಿತು. ಎರೆಯನ್ನು ತೆಗೆದು, ಗರಸುಮಣ್ಣನ್ನು ಅರ್ಧ ಅಡಿಯಷ್ಟು ಹರಡಿ, ನೀರು ಚಿಮುಕಿಸಿ ದಿಮ್ಮಸು ಹಾಕಿ, ಮತ್ತೆ ಹರಡಿ, ಮತ್ತೆ ಹಾಕಿ ಮೇಲಕ್ಕೆ ತಂದರು. ಹತ್ತು ಅಡಿಗೆ ಎರಡೂವರೆ ಅಂಗುಲದಂತೆ ಗೇಟಿನತ್ತ ಇಳಿಜಾರು ಕೊಡಿಸಿದೆ; ಗೋಡೆಯ ಸಂದಿಗೆ ನೀರಿಳಿಯದ ಸೀಲೆಂಟು ತುಂಬಿಸಿದೆ; ಪೈಪನ್ನು ಚರಂಡಿಯವರೆಗೆ ಎಳೆಸಿದೆ. ಹತ್ತು ದಿನ ಗೋಣಿಚೀಲ ಹೊದಿಸಿ ನೀರು ಹಾಕುವುದು, 28 ದಿನ ಕಾರು ನಿಲ್ಲಿಸದಿರುವುದು ಎಂದು ಕಾಗದದ ಮೇಲೆ ಬರೆದು ಗೇಟಿಗೆ ಅಂಟಿಸಿದೆ. ಇಷ್ಟಕ್ಕೂ ಮೇಸ್ತ್ರಿಯ ಮುಖದಲ್ಲಿ ಕಳೆಯಿರಲಿಲ್ಲ. ಮಣ್ಣಿನಡಿ ಹೋದ ಕೆಲಸವನ್ನು ಯಾರಿಗೆ ತೋರಿಸುವುದು ಎಂಬ ಕೊರಗು ಅವರದು.

ನಿನ್ನೆ ಉಳಿದ ಬಾಕಿಗೆಂದು ಬಂದರು. ಗೋಣಿಚೀಲ ಸರಿಸಿ, ಪಂಚೆ ಎತ್ತಿ ಕಟ್ಟಿ ಗುದ್ದಿದರು. ಸದ್ದೇ ಬರಲಿಲ್ಲ. ತುಸು ನಿರಾಶರಾದಂತೆ ಕಂಡರು. ಅಂಗಳವನ್ನೆಲ್ಲ ಒಮ್ಮೆ ದಿಟ್ಟಿಸಿ ಹತ್ತಿರ ಬಂದು, "ಸರ, ಈ ಮೂಲಿ ಎತ್ತರ ಆತು, ಉಳದದ್ದು ಈಗ ತಗ್ಗು ಕಾಣತೈತಿ. ಅದರ ಮ್ಯಾಲೊಂದು ಕೋಟು ಎಳದುಬಿಡೋಣೇನ್ರಿ?" ಎಂದು ಕೇಳಿದರು.